ಮೊದಲು ಕಾವು, ಆಮೇಲೆ ಹಾಲು: ಎಳೆಯ ನಾಯಿಮರಿಗಳ ಮೊದಲ ಮೂರು ವಾರ

ಮನೆಯಲ್ಲೇ ನಾಯಿ ಮರಿ ಮಾಡಿಸುವುದನ್ನು ಕಲಿಯುತ್ತಿರುವವರು ಓದುವುದೆಲ್ಲ ಹೆಚ್ಚಾಗಿ ಹೆರಿಗೆಯ ಬಗ್ಗೆಯೇ ಇರುತ್ತದೆ. ನಾನೂ ಹಾಗೇ ಓದಿ ತಯಾರಾಗಿದ್ದೆ. ಆದರೆ ಹುಟ್ಟಿದ ಮೇಲೆ ಕಳೆದುಕೊಳ್ಳುವ ಮರಿಗಳಲ್ಲಿ ಹೆಚ್ಚಿನವು ಹೋಗುವುದು ಮೊದಲ ವಾರದಲ್ಲಿ, ಅದರಲ್ಲೂ ಮೊದಲ ಮೂರು ದಿನಗಳಲ್ಲಿ. ಹೆರಿಗೆ ಸಲೀಸಾಗಿ ಆಯಿತಲ್ಲ ಎಂದು ನಾವು ಉಸಿರು ಬಿಟ್ಟು ಮಲಗುವ ಹೊತ್ತಿಗೆ ಅಪಾಯ ಶುರುವಾಗಿರುತ್ತದೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಹೆರಿಗೆಗೆ ಸ್ವಲ್ಪವೇ ಜಾಗ, ಅದರ ನಂತರದ ದಿನಗಳಿಗೆ ಹೆಚ್ಚು.

ಹೆರಿಗೆಯ ಬಗ್ಗೆ ಇಷ್ಟು ನೆನಪಿರಲಿ

ನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ಕೂಡಿದ ದಿನದಿಂದ ಎಣಿಸಿದರೆ 58ರಿಂದ 68 ದಿನದವರೆಗೂ ಹಿಂದೆಮುಂದೆ ಆಗಬಹುದು. ಕೊನೆಯ ವಾರ ದಿನಕ್ಕೆ ಎರಡು ಮೂರು ಸಲ ಗುದದ ಉಷ್ಣತೆ ನೋಡಿ ಬರೆದಿಟ್ಟುಕೊಳ್ಳಿ. ಅದು 37.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ನೋವು ಶುರುವಾಗುತ್ತದೆ.

ಪಶುವೈದ್ಯರಿಗೆ ತಡಮಾಡದೆ ಫೋನ್ ಮಾಡಬೇಕಾದ ಸಂದರ್ಭ ಮುಖ್ಯವಾಗಿ ಮೂರು. ನಾಯಿ ಬಲವಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಬಂದಿಲ್ಲ. ಒಳಗೆ ಇನ್ನೂ ಮರಿ ಇದೆ, ಹಿಂದಿನ ಮರಿ ಬಂದು ಎರಡು ಗಂಟೆ ದಾಟಿದೆ. ಮೊದಲ ಮರಿ ಬರುವ ಮುಂಚೆಯೇ ಕಡುಹಸಿರು ದ್ರವ ಕಾಣಿಸಿಕೊಂಡಿದೆ. ಆ ಹಸಿರು ಬಣ್ಣ ಮಾಸಿನದು. ಮರಿಗಳ ಮಧ್ಯೆ, ಹೆರಿಗೆಯ ನಂತರ ಅದು ಬಂದರೆ ಗಾಬರಿ ಬೇಡ. ಮೊದಲ ಮರಿಗೂ ಮುಂಚೆ ಬಂದರೆ ಮಾತ್ರ ಒಳಗೆ ಮಾಸು ಕಳಚಿಕೊಂಡಿದೆ, ಮರಿಗೆ ಆಮ್ಲಜನಕ ಸಾಲದೆ ಹೋಗಬಹುದು ಎಂದು ತಿಳಿಯಬೇಕು.

ಉಸಿರಾಡದ ಮರಿಯನ್ನು ಕಾಲು ಹಿಡಿದು ಅಥವಾ ಅಂಗೈಯಲ್ಲಿಟ್ಟು ಬೀಸುವ ಹಳೆಯ ಪದ್ಧತಿಯೊಂದಿದೆ. ದಯವಿಟ್ಟು ಅದನ್ನು ಬಿಡಿ, ಎಳೆಯ ಮಿದುಳಿಗೆ ಪೆಟ್ಟಾಗುತ್ತದೆ. ಬಾಯಿ ಮೂಗಿನ ಲೋಳೆಯನ್ನು ಸಣ್ಣ ರಬ್ಬರ್ ಬಲ್ಬ್‌ನಿಂದ ಎಳೆದು, ಒಣ ಟವೆಲ್‌ನಿಂದ ಬೆನ್ನು ಎದೆ ಉಜ್ಜುತ್ತಾ ಹೋಗಿ. ಆ ಉಜ್ಜುವಿಕೆ ತಾಯಿ ನೆಕ್ಕುವುದಕ್ಕೆ ಸಮ.

ಮರಿಗೆ ನಡುಕ ಬರುವುದಿಲ್ಲ

ನಮಗೆ ಚಳಿಯಾದರೆ ಮೈ ನಡುಗುತ್ತದೆ, ಸ್ನಾಯುಗಳು ಅದುರಿ ಶಾಖ ಹುಟ್ಟಿಸುತ್ತವೆ. ಹುಟ್ಟಿದ ನಾಯಿಮರಿಗೆ ಮೊದಲ ಆರೇಳು ದಿನ ಆ ಶಕ್ತಿಯೇ ಇಲ್ಲ. ಮೈಯಲ್ಲಿ ಕೊಬ್ಬೂ ತೀರಾ ಕಡಿಮೆ. ಸಣ್ಣ ದೇಹವಾದ್ದರಿಂದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಅಷ್ಟೂ ಚರ್ಮದಿಂದ ಶಾಖ ಸೋರುತ್ತಲೇ ಇರುತ್ತದೆ. ಅಂದರೆ ಮರಿಯ ಕಾವು ಅದರದ್ದಲ್ಲ. ತಾಯಿಯದ್ದು, ಒಡಹುಟ್ಟಿದವುಗಳದ್ದು, ನಾವು ಇಟ್ಟ ದೀಪದ್ದು.

ಮೊದಲ ವಾರ ಮರಿಯ ಮೈ ಉಷ್ಣತೆ 35ರಿಂದ 37 ಡಿಗ್ರಿಯ ಆಸುಪಾಸು ಇರುತ್ತದೆ. ದೊಡ್ಡ ನಾಯಿಗಿರುವ 38–39 ಡಿಗ್ರಿಗೆ ಅದು ಬರುವುದು ನಾಲ್ಕನೇ ವಾರದ ಹೊತ್ತಿಗೆ. ಹಾಗಾಗಿ ಮರಿಗಳು ಮಲಗುವ ಜಾಗ ಮೊದಲ ವಾರ 30ರಿಂದ 32 ಡಿಗ್ರಿ ಇರಬೇಕು, ಎರಡನೇ ವಾರ 27–29ಕ್ಕೆ ಇಳಿಸಿ, ಆಮೇಲೆ ನಿಧಾನವಾಗಿ 24ರವರೆಗೆ ತರಬಹುದು. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ: ಇಡೀ ಕೋಣೆಯನ್ನೇ ಕಾಯಿಸಿಬಿಡುತ್ತಾರೆ. ಆಗ ಬಾಣಂತಿ ನಾಯಿಗೆ ಸೆಕೆ ತಡೆಯಲಾಗುವುದಿಲ್ಲ, ಏದುಸಿರು ಬಿಡುತ್ತಾ, ಹೆರಿಗೆಗೆಂದು ಇಟ್ಟ ಪೆಟ್ಟಿಗೆಯಿಂದ ಎದ್ದು ಹೋಗುತ್ತದೆ. ಹೋದ ತಾಯಿಯ ಜೊತೆ ಹಾಲೂ ಹೋಯಿತು, ಕಾವೂ ಹೋಯಿತು. ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ ಶಾಖ ಕೊಡಿ. ಉಳಿದ ಭಾಗ ತಂಪಾಗಿರಲಿ. ಮರಿಗೆ ಕಣ್ಣು ಕಿವಿ ಇಲ್ಲದಿದ್ದರೂ ಮೂಗು ಬಲ್ಲದು, ಬೆಚ್ಚಗಿರುವ ಕಡೆಗೆ ತೆವಳುವುದು ಗೊತ್ತು.

ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಿದರೆ ಉಪಯೋಗವಿಲ್ಲ, ಮರಿಯ ಬೆನ್ನಿನ ಮಟ್ಟದಲ್ಲಿ ಹಾಸಿಗೆಯ ಮೇಲೆ ಇಡಬೇಕು. ಅದಕ್ಕಿಂತ ನಿಜ ಹೇಳುವುದು ಮರಿಗಳು ಮಲಗಿರುವ ರೀತಿ. ಒಂದರ ಮೇಲೊಂದು ಹತ್ತಿ ಗುಡ್ಡೆಯಾಗಿದ್ದರೆ ಚಳಿ. ದೂರದೂರ ಅಂಚಿಗೆ ಸರಿದು ಬಾಯಿ ತೆರೆದು ಮಲಗಿದ್ದರೆ ಸೆಕೆ. ಪಕ್ಕಪಕ್ಕದಲ್ಲಿ ಸಡಿಲವಾಗಿ ಹೊರಳಿಕೊಂಡು, ನಿದ್ದೆಯಲ್ಲೇ ಕಾಲು ಸೆಳೆಯುತ್ತಾ, ಮುಖ ಅದುರಿಸುತ್ತಾ ಇದ್ದರೆ ಎಲ್ಲ ಸರಿಯಿದೆ. ಆ ಸೆಳೆತ ನೋಡಿ ಫಿಟ್ಸ್ ಎಂದು ಹೆದರುವವರಿದ್ದಾರೆ. ಆರೋಗ್ಯವಂತ ಮರಿಯ ನಿದ್ದೆ ಹಾಗೇ ಇರುತ್ತದೆ. ಅಲುಗಾಡದೆ ಬಟ್ಟೆಯ ಹಾಗೆ ಬಿದ್ದಿರುವ ಮರಿಯನ್ನು ನೋಡಿ ಹೆದರಬೇಕು.

ಕಾವಿಗೆ ಇನ್ನೊಂದು ಕಾರಣವೂ ಇದೆ. ನಾಯಿಗಳ ಹರ್ಪಿಸ್ ವೈರಸ್ ಸ್ವಲ್ಪ ತಣ್ಣಗಿರುವ ಮೈಯಲ್ಲೇ ಚೆನ್ನಾಗಿ ಬೆಳೆಯುತ್ತದೆ. ದೊಡ್ಡ ನಾಯಿಗೆ ಅದು ಬರೀ ನೆಗಡಿಯಂತೆ ಬಂದುಹೋಗಬಹುದು, ಮೂರು ವಾರದೊಳಗಿನ ಮರಿಗಳನ್ನು ಮಾತ್ರ ಸಾಲಾಗಿ ಕೊಲ್ಲುತ್ತದೆ. ಹೆರಿಗೆಗೆ ಮುಂಚಿನ ಮೂರು ವಾರ, ನಂತರದ ಮೂರು ವಾರ ತಾಯಿಯನ್ನು ಬೇರೆ ನಾಯಿಗಳಿಂದ ದೂರ ಇಡಿ. ಮರಿ ನೋಡಲು ಬರುವ ನಾಯಿ ಸಾಕುವ ಸ್ನೇಹಿತರನ್ನೂ ಆ ಅವಧಿಯಲ್ಲಿ ಬೇಡ ಎನ್ನಿ.

ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ

ಈ ಟಿಪ್ಪಣಿಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ. ಸೊರಗಿದ ಮರಿಯನ್ನು ಕಂಡ ಕೂಡಲೇ ನಮ್ಮ ಕೈ ಹೋಗುವುದು ಹಾಲಿನ ಬಾಟಲಿಗೆ. ಹಸಿದಿದೆ, ಪಾಪ, ಮೊದಲು ಹೊಟ್ಟೆಗೆ ಏನಾದರೂ ಬೀಳಲಿ ಎನ್ನಿಸುತ್ತದೆ. ಆದರೆ ಮರಿಯ ಮೈ 35 ಡಿಗ್ರಿಗಿಂತ ಕೆಳಗಿಳಿದರೆ ಕರುಳಿನ ಚಲನೆ ನಿಲ್ಲುತ್ತಾ ಬರುತ್ತದೆ, ಚೀಪುವ ಶಕ್ತಿಯೂ ಕುಂದುತ್ತದೆ. ಆಗ ಕುಡಿಸಿದ ಹಾಲು ಹೊಟ್ಟೆಯಲ್ಲಿ ಕದಲದೆ ನಿಂತು ಹುಳಿಯುತ್ತದೆ, ಅಥವಾ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ನನ್ನ ಮೊದಲ ಸೂಲಿನಲ್ಲಿ ಒಂದು ಹೆಣ್ಣು ಮರಿಯನ್ನು ನಾನು ಕಳೆದುಕೊಂಡದ್ದು ಹೀಗೆ. ಸಿರಿಂಜಿನಲ್ಲಿ ತೊಟ್ಟು ತೊಟ್ಟಾಗಿ, ಬಹಳ ಪ್ರೀತಿಯಿಂದ ಕುಡಿಸಿದ್ದೆ. ಮೂಗಿನಿಂದ ಹಾಲಿನ ಗುಳ್ಳೆ ಬಂತು. ಬೆಳಗಾಗುವಷ್ಟರಲ್ಲಿ ಹೋಯಿತು.

ಮುಂದಿನ ಸೂಲಿನಲ್ಲಿ ಎರಡನೇ ರಾತ್ರಿ ಒಂದು ಮರಿ ತಾಯಿಯ ಬೆನ್ನ ಹಿಂದೆ ಒಂಟಿಯಾಗಿ ಬಿದ್ದಿತ್ತು. ಮುಟ್ಟಿದರೆ ಹೊಟ್ಟೆಯೂ ತಣ್ಣಗೆ. ಥರ್ಮಾಮೀಟರ್ 33.4 ತೋರಿಸಿತು. ಅಂಗಿಯೊಳಗೆ ಎದೆಗೆ ಒತ್ತಿ ಹಿಡಿದು ಕೂತೆ, ಮೇಲೊಂದು ಉಣ್ಣೆ ಬಟ್ಟೆ. ಅರ್ಧ ಗಂಟೆಗೊಮ್ಮೆ ನೋಡುತ್ತಾ ಹೋದೆ: 33.9, 34.3, 34.9. ಗಂಟೆಗೆ ಒಂದು ಡಿಗ್ರಿಯಷ್ಟು ಏರಿದರೆ ಸಾಕು, ಅವಸರದಲ್ಲಿ ಕಾಯಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದ ಒತ್ತಡ ಕುಸಿಯುತ್ತದೆ. ನಡುವೆ ಪಶುವೈದ್ಯರ ಸಲಹೆಯಂತೆ ಒಸಡಿಗೆ ಒಂದು ತೊಟ್ಟು ಗ್ಲೂಕೋಸ್ ನೀರು ಸವರಿದೆ, ಕುಡಿಸಲಿಲ್ಲ. ಎರಡು ಗಂಟೆ ದಾಟಿದ ಮೇಲೆ ಮರಿ ಕುತ್ತಿಗೆ ಎತ್ತಿ ಮೂಗಿನಿಂದ ನನ್ನ ಚರ್ಮ ಹುಡುಕತೊಡಗಿತು. ಕಿರುಬೆರಳ ತುದಿ ಬಾಯಿಗಿಟ್ಟೆ, ನಾಲಗೆ ಬೆರಳಿಗೆ ಸುತ್ತಿಕೊಂಡು ಎಳೆಯಿತು. ಆಗ ಅದನ್ನು ತಾಯಿಯ ಹಿಂದಿನ ಮೊಲೆಗೆ ಹಚ್ಚಿದೆ.

ಆ ಬೆರಳಿನ ಪರೀಕ್ಷೆ ಕಲಿತುಕೊಳ್ಳಿ. ಬೆಚ್ಚಗಿನ ಮರಿ ಬೆರಳನ್ನು ಎಳೆಯುತ್ತದೆ, ತಣ್ಣಗಿನದು ಸುಮ್ಮನೆ ಬಾಯಲ್ಲಿಟ್ಟುಕೊಳ್ಳುತ್ತದೆ. ಇನ್ನೊಂದು ವಿಷಯ, ತಾಯಿ ತಣ್ಣಗಾದ ಮರಿಯನ್ನು ಪಕ್ಕಕ್ಕೆ ತಳ್ಳುವುದುಂಟು. ಅದನ್ನು ನೋಡಿ ತಾಯಿಗೆ ಮಮತೆಯಿಲ್ಲ ಎನ್ನಬೇಡಿ. ಬೆಚ್ಚಗೆ ಮಾಡಿ ಮರಳಿ ಕೊಟ್ಟರೆ ಎಷ್ಟೋ ತಾಯಂದಿರು ನೆಕ್ಕಿ ಒಳಗೆಳೆದುಕೊಳ್ಳುತ್ತಾರೆ.

ಗಿಣ್ಣುಹಾಲಿಗೆ ಗಡಿಯಾರವಿದೆ

ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಕಣಗಳು ಗರ್ಭದಲ್ಲಿರುವಾಗಲೇ ಮಗುವಿಗೆ ದಾಟುತ್ತವೆ. ನಾಯಿಯ ಮಾಸು ಬೇರೆ ಥರದ್ದು, ಅದರ ಮೂಲಕ ದಾಟುವುದು ಸ್ವಲ್ಪವೇ. ಉಳಿದದ್ದೆಲ್ಲ ಗಿಣ್ಣುಹಾಲಿನಿಂದ ಬರಬೇಕು. ಆ ಕಣಗಳನ್ನು ಹಾಗೇ ಹೀರಿಕೊಳ್ಳುವ ಬಾಗಿಲು ಮರಿಯ ಕರುಳಿನಲ್ಲಿ ಹುಟ್ಟಿದ ಗಳಿಗೆಯಿಂದಲೇ ಮುಚ್ಚುತ್ತಾ ಬರುತ್ತದೆ. ಮೊದಲ ಎಂಟು ಗಂಟೆ ತುಂಬಾ ಬೆಲೆಯುಳ್ಳದ್ದು, ಒಂದು ದಿನ ಕಳೆಯುವಷ್ಟರಲ್ಲಿ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ಎಲ್ಲ ಮರಿಗಳೂ ಹುಟ್ಟಿ ಮುಗಿಯಲಿ ಎಂದು ಕಾಯಬೇಡಿ, ಮೊದಲು ಬಂದವು ಒಣಗಿ ಬೆಚ್ಚಗಾದ ಕೂಡಲೇ ಮೊಲೆಗೆ ಹಚ್ಚಿ.

ತೂಕದ ಪುಸ್ತಕ

ಮರಿಗೆ ಏನೋ ಸರಿಯಿಲ್ಲ ಎಂದು ಕಣ್ಣಿಗೆ ಕಾಣುವ ಒಂದು ದಿನ ಮೊದಲೇ ತಕ್ಕಡಿಗೆ ಗೊತ್ತಾಗಿರುತ್ತದೆ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೇಲೊಂದು ಡಬ್ಬಿ, ಅದರಲ್ಲಿ ಮೆತ್ತನೆ ಬಟ್ಟೆ. ಮೊದಲ ವಾರ ದಿನಕ್ಕೆ ಎರಡು ಸಲ, ಎರಡನೇ ವಾರದಿಂದ ಒಂದು ಸಲ, ದಿನಾ ಅದೇ ಹೊತ್ತಿಗೆ. ಒಂದೇ ಬಣ್ಣದ ಮರಿಗಳಾದರೆ ಸಡಿಲವಾದ ಬೇರೆಬೇರೆ ಬಣ್ಣದ ಪಟ್ಟಿ ಕಟ್ಟಿ, ತೂಗುವಾಗಲೆಲ್ಲ ಅದರೊಳಗೆ ಬೆರಳು ಹಾಕಿ ನೋಡಿ. ಕುತ್ತಿಗೆ ನೀವು ಅಂದುಕೊಂಡದ್ದಕ್ಕಿಂತ ಬೇಗ ದಪ್ಪವಾಗುತ್ತದೆ.

ಮೊದಲ ದಿನ ಸ್ವಲ್ಪ ತೂಕ ಇಳಿಯಬಹುದು, ಹುಟ್ಟುತೂಕದ ಹತ್ತನೇ ಒಂದು ಭಾಗ ದಾಟಬಾರದು. ಆಮೇಲೆ ದಿನಕ್ಕೆ ಹುಟ್ಟುತೂಕದ ಶೇಕಡಾ 10ರ ಆಸುಪಾಸು ಏರುತ್ತಾ, ಹತ್ತರಿಂದ ಹದಿನಾಲ್ಕು ದಿನದೊಳಗೆ ಎರಡರಷ್ಟಾಗಬೇಕು.

ನನ್ನ ಪುಸ್ತಕದ ಒಂದು ಸಾಲು ಇಲ್ಲಿದೆ, ಕೆಂಪು ಪಟ್ಟಿಯ ಮರಿಯದ್ದು: ಹುಟ್ಟುತೂಕ 340 ಗ್ರಾಂ, ಮರುದಿನ 332, ಆಮೇಲೆ 350, 374, 376, 371. ಕೊನೆಯ ಮೂರು ಅಂಕಿ ನೋಡಿ. 374ರಿಂದ 376ಕ್ಕೆ ಬಂದ ದಿನ ತೂಕ ಇಳಿದಿರಲಿಲ್ಲ, ಮರಿ ಎಲ್ಲದರ ಜೊತೆ ಮೊಲೆಗೂ ಹತ್ತುತ್ತಿತ್ತು, ಹೊರಗಿನಿಂದ ಏನೂ ಕಾಣಿಸಲಿಲ್ಲ. ಆದರೆ ಉಳಿದವು ಅದೇ ದಿನ 25–30 ಗ್ರಾಂ ಏರಿದ್ದವು. ಹತ್ತಿರ ಕೂತು ಗಮನಿಸಿದಾಗ ಗೊತ್ತಾಯಿತು, ಪ್ರತಿ ಸಲ ದೊಡ್ಡ ಮರಿಯೊಂದು ಬಂದು ಅದನ್ನು ತಳ್ಳುತ್ತಿತ್ತು, ಅದು ಹಾಲು ಕಡಿಮೆಯಿರುವ ಮುಂದಿನ ಮೊಲೆಗೆ ಸರಿಯುತ್ತಿತ್ತು. ದೊಡ್ಡ ಮರಿಗಳನ್ನು ಇಪ್ಪತ್ತು ನಿಮಿಷ ಬೆಚ್ಚನೆಯ ಬುಟ್ಟಿಯಲ್ಲಿಟ್ಟು ಕೆಂಪು ಪಟ್ಟಿಯದಕ್ಕೆ ಹಿಂದಿನ ಮೊಲೆ ಬಿಟ್ಟುಕೊಟ್ಟ ಮೇಲೆ ಏರತೊಡಗಿತು. ತೂಕ ಒಂದು ದಿನ ನಿಂತರೆ ಕಾರಣ ಹುಡುಕಿ. ಇಳಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ನಾಳೆ ನೋಡೋಣ ಎನ್ನುವಷ್ಟು ಕೊಬ್ಬಿನ ಉಳಿತಾಯ ಮರಿಯ ಬಳಿ ಇರುವುದಿಲ್ಲ.

ಬಾಟಲಿ ಹಾಲು ಕೊಡಲೇಬೇಕಾದಾಗ

ಹಸುವಿನ ಹಾಲು ಸಾಲದು. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು, ಸಕ್ಕರೆಯ ಅಂಶ ಮಾತ್ರ ಕಡಿಮೆ. ಹಸುವಿನ ಹಾಲಿಗೆ ಮರಿ ಬೇಧಿ ಮಾಡಿಕೊಂಡು ಒಣಗುತ್ತದೆ. ನಾಯಿಮರಿಗೆಂದೇ ಬರುವ ಹಾಲಿನ ಪುಡಿಯ ಡಬ್ಬಿಯೊಂದನ್ನು ಹೆರಿಗೆಗೆ ಮುಂಚೆಯೇ ತಂದಿಡಿ. ಮಧ್ಯರಾತ್ರಿ ಹುಡುಕಿಕೊಂಡು ಹೋಗುವಂತಾಗಬಾರದು.

ಕುಡಿಸುವಾಗ ಮರಿ ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲೆತ್ತಿ ಇರಬೇಕು, ತಾಯಿಯ ಬಳಿ ಕುಡಿಯುವ ಹಾಗೆಯೇ. ಮಗುವಿನಂತೆ ಅಂಗಾತ ಮಲಗಿಸಿದರೆ ಹಾಲು ನೆತ್ತಿಗೆ ಹತ್ತುತ್ತದೆ. ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ 4 ಮಿಲಿಲೀಟರ್ ಮೀರಬೇಡಿ, ಹೊಟ್ಟೆ ಅಷ್ಟೇ ಹಿಡಿಯುವುದು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ತಾಯಿ ನೆಕ್ಕದ ಮರಿ ತಾನಾಗಿ ಉಚ್ಚೆ ಕಕ್ಕ ಮಾಡಲಾರದು. ಸುಮಾರು ಮೂರು ವಾರದವರೆಗೆ, ಪ್ರತಿ ಸಲ ಹಾಲಾದ ಮೇಲೆ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಬೇಕು. ಉಚ್ಚೆ ನೀರಿನಂತಿದ್ದರೆ ಸರಿ. ಕಡುಹಳದಿಯಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ.

ತಾಯಿಯ ಮೇಲೂ ಕಣ್ಣಿರಲಿ

ಮರಿಗಳ ಸಂಭ್ರಮದಲ್ಲಿ ಇವಳನ್ನು ಮರೆಯುತ್ತೇವೆ. ದಿನಾ ಮೊಲೆಗಳನ್ನು ಮುಟ್ಟಿ ನೋಡಿ: ಒಂದು ಮಾತ್ರ ಗಟ್ಟಿಯಾಗಿ, ಬಿಸಿಯಾಗಿ, ಕೆಂಪಾಗಿದ್ದರೆ ಕೆಚ್ಚಲುಬಾವು. ಹಾಲು ಹೆಚ್ಚು ಬೇಕಾಗುವ ಮೂರು ನಾಲ್ಕನೇ ವಾರದಲ್ಲಿ ಅವಳ ಊಟ ಮಾಮೂಲಿನ ಎರಡು ಮೂರು ಪಟ್ಟಿಗೆ ಹೋಗುತ್ತದೆ. ನೀರಿನ ಬಟ್ಟಲು ಖಾಲಿಯಾಗಬಾರದು.

ಸಣ್ಣ ತಳಿಯ, ಹೆಚ್ಚು ಮರಿ ಹಾಕಿದ ತಾಯಿ ಈ ವಾರಗಳಲ್ಲಿ ಸುಮ್ಮಸುಮ್ಮನೆ ಏದುಸಿರು ಬಿಟ್ಟು, ಕಾಲು ಸೆಟೆದು ನಡೆದು, ಮೈ ಅದುರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ ಎಂದರ್ಥ. ಮರಿಗಳನ್ನು ಬೇರ್ಪಡಿಸಿ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ, ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಇದನ್ನು ತಡೆಯಲೆಂದು ಗಬ್ಬದಲ್ಲೇ ಕ್ಯಾಲ್ಸಿಯಂ ಮಾತ್ರೆ ಕೊಡುವವರು ಬಹಳ. ಅದರಿಂದ ಆಗುವುದು ತಿರುಗುಮುರುಗು. ಹೊರಗಿನಿಂದ ಬರುತ್ತಿದೆ ಎಂದು, ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ಕೊಡುವ ಗ್ರಂಥಿ ಮಂಕಾಗುತ್ತದೆ, ಹಾಲು ಇಳಿದ ದಿನ ಅದಕ್ಕೆ ಎಚ್ಚರವಾಗುವುದಿಲ್ಲ.

ಕಣ್ಣು ತೆರೆದ ಮೇಲೆ

ಹತ್ತರಿಂದ ಹದಿನಾಲ್ಕನೇ ದಿನಕ್ಕೆ ಕಣ್ಣು, ಅದರ ಬೆನ್ನಿಗೇ ಕಿವಿ. ಕಣ್ಣನ್ನು ನಾವು ಬಿಡಿಸಬಾರದು. ಮುಚ್ಚಿದ ರೆಪ್ಪೆಯ ಹಿಂದೆ ಊದಿಕೊಂಡು ಕೀವು ಕಂಡರೆ ಮಾತ್ರ ವೈದ್ಯರ ಬಳಿ ಹೋಗಿ. ಈ ಹೊತ್ತಿಗೆ ಹಾಸಿಗೆಯ ಮೇಲೆ ಬರೀ ನ್ಯೂಸ್‌ಪೇಪರ್ ಇರಬಾರದು. ಜಾರುವ ನೆಲದಲ್ಲಿ ಕಾಲು ಅಗಲವಾಗಿ ಕಪ್ಪೆಯಂತೆ ಚಾಚಿಕೊಳ್ಳುವ ತೊಂದರೆ ಹೆಚ್ಚಾಗುತ್ತದೆ, ಉಗುರಿಗೆ ಹಿಡಿತ ಸಿಗುವ ಒರಟು ಬಟ್ಟೆ ಹಾಸಿ.

ಜಂತುಹುಳದ ಔಷಧಿ ಎರಡನೇ ವಾರದಿಂದಲೇ, ಎರಡು ವಾರಕ್ಕೊಮ್ಮೆ. ಇಷ್ಟು ಬೇಗ ಏಕೆ ಎಂದರೆ ದುಂಡುಹುಳದ ಮರಿಗಳು ಗರ್ಭದಲ್ಲೇ ದಾಟಿರುತ್ತವೆ, ಹಾಲಿನಲ್ಲೂ ಬರುತ್ತವೆ. ತಾಯಿ ಎಷ್ಟೇ ಸ್ವಚ್ಛವಾಗಿದ್ದರೂ ಅಷ್ಟೇ. ಪ್ರಮಾಣವನ್ನು ವೈದ್ಯರು ತೂಕದ ಮೇಲೆ ಹೇಳುತ್ತಾರೆ, ಆಗ ಆ ತೂಕದ ಪುಸ್ತಕವನ್ನೇ ಮುಂದಿಡಿ.

ಮೂರನೇ ವಾರದ ಕೊನೆಗೆ ಮರಿಗಳು ಮಲಗುವ ಜಾಗ ಬಿಟ್ಟು ದೂರ ಹೋಗಿ ಉಚ್ಚೆ ಮಾಡಲು ನೋಡುತ್ತವೆ. ಆಗ ಪೆಟ್ಟಿಗೆಯನ್ನು ದೊಡ್ಡದು ಮಾಡಿ, ಎದುರು ಮೂಲೆಗೆ ಹೀರುವ ಹಾಳೆ ಹಾಕಿ. ಹಲ್ಲು ಮೂಡುತ್ತಿರುತ್ತವೆ, ನೆನೆಸಿ ಗಂಜಿಯಂತೆ ಮಾಡಿದ ಮರಿ ಆಹಾರವನ್ನು ಚಪ್ಪಟೆ ತಟ್ಟೆಯಲ್ಲಿಟ್ಟು ಶುರುಮಾಡಬಹುದು. ಮೊದಲ ದಿನ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು, ತಾಯಿ ಬಂದು ಎಲ್ಲವನ್ನೂ ನೆಕ್ಕಿ ಶುಚಿ ಮಾಡುತ್ತಾಳೆ. ತೂಗುವುದನ್ನು ಮಾತ್ರ ನಿಲ್ಲಿಸಬೇಡಿ. ಡಬ್ಬಿಯಿಂದ ಹೊರಗೆ ಹಾರತೊಡಗಿದರೆ ಮರಿಯನ್ನು ಎತ್ತಿಕೊಂಡು ನೀವೇ ದೊಡ್ಡ ತಕ್ಕಡಿಯ ಮೇಲೆ ನಿಂತು, ನಿಮ್ಮ ತೂಕವನ್ನು ಕಳೆದು ಬರೆಯಿರಿ.