ಒಂದು ಸೊನ್ನೆಯ ಸುತ್ತ: ಸ್ಯಾಂಡಿ ಹುಕ್ ಪಿತೂರಿ ಕಥೆ ಬೆಳೆದ ಬಗೆ

ಅಮೆರಿಕದ ಎಫ್‌ಬಿಐ ಪ್ರತಿ ವರ್ಷ ಅಪರಾಧಗಳ ಲೆಕ್ಕವನ್ನು ಊರುವಾರು ಪ್ರಕಟಿಸುತ್ತದೆ. 2012ರ ಪಟ್ಟಿಯಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಊರಿನ ಎದುರು, ಕೊಲೆಯ ಕಲಂನಲ್ಲಿ ಇರುವುದು 0. ಅದೇ ವರ್ಷದ ಡಿಸೆಂಬರ್ 14ರಂದು ಅದೇ ಊರಿನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಗುಂಡಿಗೆ ಬಲಿಯಾಗಿದ್ದರು. ರೇಡಿಯೊ ನಿರೂಪಕ ಅಲೆಕ್ಸ್ ಜೋನ್ಸ್ ನಡೆಸುತ್ತಿದ್ದ ಇನ್ಫೋವಾರ್ಸ್ ಜಾಲತಾಣ 2014ರಲ್ಲಿ ಈ ಸೊನ್ನೆಯನ್ನು ಹಿಡಿದುಕೊಂಡು, ಅಲ್ಲಿ ಯಾರೂ ಸತ್ತಿಲ್ಲವೆಂದು ಎಫ್‌ಬಿಐಯೇ ಹೇಳುತ್ತಿದೆ ಎಂದು ಬರೆಯಿತು.

ಸೊನ್ನೆ ನಿಜವೇ. ಆದರೆ ಪ್ರಕರಣದ ತನಿಖೆ ಮಾಡಿದ್ದು ಊರಿನ ಠಾಣೆಯಲ್ಲ, ರಾಜ್ಯ ಪೊಲೀಸರು. ಹಾಗಾಗಿ ಲೆಕ್ಕ ಹೋದದ್ದೂ ಅವರ ಖಾತೆಗೆ. ಅದೇ ವರದಿಯ ಇನ್ನೊಂದು ಪಟ್ಟಿಯಲ್ಲಿ, ರಾಜ್ಯ ಪೊಲೀಸರ ಸಾಲಿನಲ್ಲಿ, 27 ಕೊಲೆ ದಾಖಲಾಗಿವೆ: ಶಾಲೆಯಲ್ಲಿ 26, ಶಾಲೆಗೆ ಬರುವ ಮುಂಚೆ ಹಂತಕ ಮನೆಯಲ್ಲೇ ಕೊಂದ ಅವನ ತಾಯಿ ಒಬ್ಬರು. ಪುಟ ತಿರುವಿದರೆ ಸಿಗುವ ಉತ್ತರ. ಪುಟ ತಿರುವುವವರು ಇಂಥ ಸುದ್ದಿಗೆ ಗಿರಾಕಿಗಳಲ್ಲ ಅಷ್ಟೆ.

ಹತ್ಯಾಕಾಂಡ ನಡೆದೇ ಇಲ್ಲ, ಎಲ್ಲ ಸರ್ಕಾರ ಆಡಿಸಿದ ನಾಟಕ ಎಂಬ ಈ ಕಥೆಗೆ ಮೊದಲ ಬೀಜ ಬಿದ್ದದ್ದು ಘಟನೆಯ ದಿನದ ಗಡಿಬಿಡಿಯಲ್ಲಿ. ಟಿವಿ ವಾಹಿನಿಗಳು ಹಂತಕನ ಬದಲು ಅವನ ಅಣ್ಣನ ಹೆಸರು ಹೇಳಿದವು. ತಾಯಿ ಅದೇ ಶಾಲೆಯ ಶಿಕ್ಷಕಿ ಎಂದವು. ಶಾಲೆಯ ಪಕ್ಕದ ಕಾಡಿನ ಬಳಿ ಪೊಲೀಸರು ತಡೆದ ಮನುಷ್ಯನ ದೃಶ್ಯದಿಂದ ಎರಡನೇ ಬಂದೂಕುಧಾರಿ ಹುಟ್ಟಿಕೊಂಡ. ಮೂರೂ ತಪ್ಪು, ಮೂರನ್ನೂ ಆಮೇಲೆ ತಿದ್ದಲಾಯಿತು. ಪಿತೂರಿ ಹುಡುಕುವವರಿಗೆ ಮಾತ್ರ ಮೊದಲು ಹೇಳಿದ್ದೇ ಬಾಯ್ತಪ್ಪಿ ಬಂದ ಸತ್ಯ, ತಿದ್ದಿದ್ದು ಮುಚ್ಚಿಹಾಕಿದ್ದು.

‘ಕ್ರೈಸಿಸ್ ಆ್ಯಕ್ಟರ್’ ಎಂಬ ಪದ ಬಂದದ್ದು ಇದರ ಬೆನ್ನಿಗೇ. ತುರ್ತು ಸ್ಥಿತಿಯ ಅಣಕು ಕಾರ್ಯಾಚರಣೆಗಳಲ್ಲಿ ಗಾಯಾಳುಗಳ ಪಾತ್ರ ಮಾಡುವ ನಟರು ಅಮೆರಿಕದಲ್ಲಿ ನಿಜಕ್ಕೂ ಇದ್ದಾರೆ. ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೇಮ್ಸ್ ಟ್ರೇಸಿ, ಹತ್ಯಾಕಾಂಡಕ್ಕೆ ಒಂದು ತಿಂಗಳು ತುಂಬುವ ಮೊದಲೇ, ಸ್ಯಾಂಡಿ ಹುಕ್‌ನಲ್ಲಿ ಇಂಥವರೇ ಇದ್ದಿರಬಹುದೆಂದು ಬರೆದರು. ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿದ್ದು 2016ರಲ್ಲಿ. ಅಷ್ಟರಲ್ಲಿ ಕಥೆಗೆ ಪ್ರಾಧ್ಯಾಪಕರ ಮೊಹರು ಬಿದ್ದಾಗಿತ್ತು.

ಇನ್ನೊಂದು ‘ಸಾಕ್ಷ್ಯ’ ಮೂಗಿನದು. ಸಿಎನ್‌ಎನ್‌ನ ಆ್ಯಂಡರ್ಸನ್ ಕೂಪರ್ ನ್ಯೂಟೌನ್‌ನಲ್ಲಿ ಒಬ್ಬ ತಾಯಿಯನ್ನು ಮಾತನಾಡಿಸುತ್ತ ತಲೆ ಹೊರಳಿಸಿದಾಗ, ಕ್ಷಣಕಾಲ ಅವರ ಮೂಗು ಮಾಯವಾದಂತೆ ಕಾಣುತ್ತದೆ. ಹಾಗಾದರೆ ಸಂದರ್ಶನ ಸ್ಟುಡಿಯೊದಲ್ಲಿ ಪರದೆಯ ಮುಂದೆ ನಡೆದದ್ದು ಎಂದರು ಜೋನ್ಸ್. ವಿಡಿಯೊವನ್ನು ಕುಗ್ಗಿಸುವ ತಂತ್ರಾಂಶ ಎಲ್ಲ ಫ್ರೇಮುಗಳನ್ನೂ ಪೂರ್ತಿಯಾಗಿ ಉಳಿಸಿಕೊಳ್ಳುವುದಿಲ್ಲ. ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಥಟ್ಟನೆ ಅಲುಗಿದ ಜಾಗ ಕಲಸಿಹೋಗುತ್ತದೆ. ಕಾಪಿಯ ಕಾಪಿ ಮಾಡುತ್ತ ಹೋದಂತೆ ಕಲೆ ಇನ್ನೂ ದೊಡ್ಡದಾಗುತ್ತದೆ.

ಸರ್ಕಾರ ಸಂಕಟ ಕಡಿಮೆ ಮಾಡಲೆಂದು ಕೈಗೊಂಡ ಕ್ರಮಗಳೂ ಕಥೆಗೆ ಗೊಬ್ಬರವಾದವು. ಕೊಲೆಯಾದವರ ಫೋಟೊಗಳು ಹೊರಬೀಳದಂತೆ ಕನೆಕ್ಟಿಕಟ್ 2013ರಲ್ಲಿ ಕಾನೂನು ತಂದಿತು. ಅದೇ ವರ್ಷ ಶಾಲೆಯ ಕಟ್ಟಡವನ್ನು ಕೆಡವಿ, ಒಳಗೆ ಕಂಡದ್ದನ್ನು ಹೊರಗೆ ಹೇಳುವುದಿಲ್ಲವೆಂದು ಕೆಲಸದವರಿಂದ ಬರೆಸಿಕೊಂಡರು. ಸ್ಕಾಟ್ಲೆಂಡ್‌ನ ಡನ್‌ಬ್ಲೇನ್‌ನಲ್ಲಿ ಇದೇ ಆಗಿತ್ತು. 1996ರಲ್ಲಿ ಅಲ್ಲಿನ ಶಾಲೆಯಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಸತ್ತ ಬಳಿಕ ಕೆಲವು ಕಡತಗಳಿಗೆ 100 ವರ್ಷದ ಬೀಗ ಹಾಕಿದರು. ಗುಮಾನಿ ಬೆಳೆದು, 2005ರಲ್ಲಿ ಅವುಗಳಲ್ಲಿ ಹಲವನ್ನು ತೆರೆಯಬೇಕಾಯಿತು.

ಹಾಗೆಂದು ತೆರೆದು ತೋರಿಸಿದರೆ ಮುಗಿಯಿತೇ? ಸ್ಯಾಂಡಿ ಹುಕ್‌ನಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಅವನ ಮರಣ ಪ್ರಮಾಣಪತ್ರವನ್ನೇ ಸಾರ್ವಜನಿಕರ ಮುಂದಿಟ್ಟರು. ನಿವೃತ್ತ ಪ್ರಾಧ್ಯಾಪಕ ಜೇಮ್ಸ್ ಫೆಟ್ಜರ್ ಅದು ನಕಲಿ ಎಂದರು. ಸತ್ತ ಮಗುವಿಗೆ ತಾನೇ ತಂದೆ ಎಂದು ಡಿಎನ್‌ಎ ಕೊಟ್ಟು ಸಾಬೀತು ಮಾಡುವ ಗತಿ ಆ ಮನುಷ್ಯನಿಗೆ ಬಂತು. 2019ರಲ್ಲಿ ವಿಸ್ಕಾನ್ಸಿನ್‌ನ ಜ್ಯೂರಿ ಅವರಿಗೆ 4,50,000 ಡಾಲರ್ ಪರಿಹಾರ ಕೊಡಿಸಿತು. ಅವರಿಗೆ ಕೊಲೆ ಬೆದರಿಕೆ ಹಾಕಿದ್ದ ಫ್ಲಾರಿಡಾದ ಮಹಿಳೆಗೆ 2017ರಲ್ಲೇ 5 ತಿಂಗಳ ಜೈಲಾಗಿತ್ತು.

ಜೋನ್ಸ್‌ಗೆ ಇದು ವ್ಯಾಪಾರವೂ ಹೌದು. ಕಾರ್ಯಕ್ರಮ ನೋಡಲು ಬಂದವರಿಗೆ ಅವರು ಮಾರುತ್ತಿದ್ದದ್ದು ಪೌಷ್ಟಿಕಾಂಶದ ಮಾತ್ರೆ, ಪುಡಿ. ಕುಟುಂಬಗಳು 2018ರಲ್ಲಿ ಹೂಡಿದ ಮಾನನಷ್ಟ ಮೊಕದ್ದಮೆಗಳಲ್ಲಿ ಕೋರ್ಟು ಕೇಳಿದ ದಾಖಲೆಗಳನ್ನು ಅವರು ಸರಿಯಾಗಿ ಒಪ್ಪಿಸಲಿಲ್ಲ. ಹೀಗಾಗಿ 2021ರಲ್ಲಿ ನ್ಯಾಯಾಧೀಶರು ವಿಚಾರಣೆಗೂ ಮೊದಲೇ ಅವರನ್ನು ಹೊಣೆಗಾರರೆಂದು ಘೋಷಿಸಿದರು. ಜ್ಯೂರಿಗೆ ಉಳಿದದ್ದು ಮೊತ್ತ ನಿಗದಿ ಮಾಡುವ ಕೆಲಸ. 2022ರಲ್ಲಿ ಟೆಕ್ಸಸ್‌ನ ವಿಚಾರಣೆ ನಡೆಯುವಾಗ, ಜೋನ್ಸ್ ಪರ ವಕೀಲರೇ ಕೈತಪ್ಪಿ ಅವರ ಫೋನಿನ ಪೂರ್ತಿ ನಕಲನ್ನು ಎದುರಾಳಿ ವಕೀಲರಿಗೆ ಕಳಿಸಿಬಿಟ್ಟಿದ್ದರು. ಇಲ್ಲವೆಂದು ಜೋನ್ಸ್ ಹೇಳಿದ್ದ, ಸ್ಯಾಂಡಿ ಹುಕ್ ಕುರಿತ ಸಂದೇಶಗಳು ಅದರಲ್ಲಿದ್ದವು. ಹತ್ಯಾಕಾಂಡ ‘ನೂರಕ್ಕೆ ನೂರು ನಿಜ’ ಎಂದು ಜೋನ್ಸ್ ಕಟಕಟೆಯಲ್ಲಿ ಒಪ್ಪಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್‌ನ ಜ್ಯೂರಿ 96.5 ಕೋಟಿ ಡಾಲರ್ ಕೊಡಲು ಹೇಳಿತು. ಡಿಸೆಂಬರ್‌ನಲ್ಲಿ ಜೋನ್ಸ್ ದಿವಾಳಿ ಅರ್ಜಿ ಹಾಕಿದರು.

ಈ ತೀರ್ಪುಗಳಿಗೂ ಮೊದಲೇ ಕಥೆ ಬೇರೆ ಊರು ಸೇರಿತ್ತು. 2018ರ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲೆಂಡ್ ಪ್ರೌಢಶಾಲೆಯಲ್ಲಿ 17 ಮಂದಿ ಸತ್ತರು. ಬದುಕುಳಿದ ವಿದ್ಯಾರ್ಥಿ ಡೇವಿಡ್ ಹಾಗ್ ಹಿಂದಿನ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬೀಚಿನಲ್ಲಿ ನಡೆದ ಜಗಳವೊಂದರ ಬಗ್ಗೆ ಟಿವಿಯಲ್ಲಿ ಮಾತಾಡಿದ್ದರು. ಆ ತುಣುಕನ್ನೇ ಎತ್ತಿ, ಹುಡುಗ ನಟನೆಂದು ಯಾರೋ ಯೂಟ್ಯೂಬ್‌ಗೆ ಹಾಕಿದರು. ವಾರದೊಳಗೆ ಅದು ಟ್ರೆಂಡಿಂಗ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಯೂಟ್ಯೂಬ್ ತೆಗೆಯುವಷ್ಟರಲ್ಲಿ ಎರಡು ಲಕ್ಷ ವೀಕ್ಷಣೆ ದಾಟಿತ್ತು.