ಕರೆಂಟ್ ಉಳಿಯಿತು, ಆಸಿಡ್ ಎಲ್ಲಿಡೋಣ?

ದಾವಣಗೆರೆ, ಹರಿಹರ ಕಡೆಯ ಕಾರ್ಖಾನೆಯವರ ಜೊತೆ ಹೈಡ್ರೋಜನ್ ತಯಾರಿಸುವ ಮಾತು ಬಂದರೆ ಈಗೀಗ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ಸಲ್ಫರ್ ಡೈಆಕ್ಸೈಡ್ ಹಾಯಿಸಿದರೆ ಅರ್ಧ ಕರೆಂಟೂ ಬೇಡವಂತೆ, ಹೌದಾ?" ಹೌದು. ಆದರೆ ಖರ್ಚು ಅಲ್ಲಿಗೆ ಮುಗಿಯುವುದಿಲ್ಲ.

ನೀರಿಗೆ ಕರೆಂಟ್ ಕೊಟ್ಟು ಒಡೆದರೆ ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಕ್ಸಿಜನ್. ಕರೆಂಟ್ ಜಾಸ್ತಿ ತಿನ್ನುವುದು ಆಕ್ಸಿಜನ್ ಕಡೆ. ಲೆಕ್ಕಕ್ಕೆ 1.23 ವೋಲ್ಟ್, ಕೆಲಸಕ್ಕೆ ಇಳಿದರೆ 1.8ರಿಂದ 2. ಆ ಕಡೆಗೆ ಸಲ್ಫರ್ ಡೈಆಕ್ಸೈಡ್, ಅಂದರೆ ಗಂಧಕ (ಸಲ್ಫರ್) ಸುಟ್ಟಾಗ ಬರುವ ಅನಿಲ, ಕೊಟ್ಟರೆ ಆಕ್ಸಿಜನ್ ಹೊರಗೆ ಬರುವುದೇ ಇಲ್ಲ, ಸಲ್ಫ್ಯೂರಿಕ್ ಆಸಿಡ್ ಆಗುತ್ತದೆ. ಲೆಕ್ಕದ ವೋಲ್ಟ್ ಬರೀ 0.17. ನಿಜವಾದ ಸೆಲ್‌ನಲ್ಲಿ (ಈ ಕೆಲಸ ನಡೆಯುವ ಪೆಟ್ಟಿಗೆಯಲ್ಲಿ) 0.6ರಿಂದ 0.8 ಎಂದಿಟ್ಟುಕೊಳ್ಳಿ. ಪ್ರತಿ ವೋಲ್ಟ್‌ಗೆ ಕೆಜಿ ಹೈಡ್ರೋಜನ್ ಮೇಲೆ ಸುಮಾರು 26.6 ಯೂನಿಟ್. ಅಂದರೆ 50 ಯೂನಿಟ್ ಬೇಕಿದ್ದ ಕಡೆ 20ರ ಆಸುಪಾಸು.

ಈಗ ಇನ್ನೊಂದು ಲೆಕ್ಕ. ಒಂದು ಕೆಜಿ ಹೈಡ್ರೋಜನ್‌ಗೆ 32 ಕೆಜಿ ಸಲ್ಫರ್ ಡೈಆಕ್ಸೈಡ್ ಬೇಕು, 49 ಕೆಜಿ ಆಸಿಡ್ ಹುಟ್ಟುತ್ತದೆ. ದಿನಕ್ಕೆ 100 ಕೆಜಿ ಹೈಡ್ರೋಜನ್ ಮಾಡಿದರೆ ಹತ್ತಿರ ಹತ್ತಿರ ಐದು ಟನ್ ಆಸಿಡ್. ಅದೂ ನೀರು ಬೆರೆತದ್ದು. ನೀರು ಆರಿಸಿ ಗಟ್ಟಿ ಮಾಡಲು ಕಾಯಿಸಬೇಕು. ಸೆಲ್‌ನಲ್ಲೇ ಗಟ್ಟಿ ಮಾಡುತ್ತೇನೆ ಎಂದರೆ ವೋಲ್ಟ್ ಏರುತ್ತದೆ.

"ನಮ್ಮ ಸಕ್ಕರೆ ಫ್ಯಾಕ್ಟರಿಯಲ್ಲಿ ಸಲ್ಫರ್ ಬರ್ನರ್ ಇದೆಯಲ್ಲಾ" ಎನ್ನುವವರೂ ಇದ್ದಾರೆ. ಇದೆ. ನೀಲಿ ಉರಿ, ಮೂಗಿಗೆ ಬಡಿಯುವ ಘಾಟು, ಒಂದು ಸಲ ಕುಡಿದ ಗಂಟಲಿಗೆ ಚೆನ್ನಾಗಿ ನೆನಪಿರುತ್ತದೆ. ಆದರೆ ಆ ಅನಿಲ ಕಬ್ಬಿನ ಹಾಲಿನ ಬಣ್ಣ ತೆಗೆಯಲು ಹೋಗುತ್ತದೆ. ಅಲ್ಲದೆ ಗಾಳಿಯಲ್ಲಿ ಸುಟ್ಟದ್ದು, ಬಹುಪಾಲು ನೈಟ್ರೋಜನ್. ಬೇರ್ಪಡಿಸದೆ ಸುಮ್ನೆ ಸೆಲ್‌ಗೆ ಬಿಡುವಂತಿಲ್ಲ.

ಸೆಲ್‌ಗೂ ಅದರದೇ ಕಾಯಿಲೆ ಇದೆ. ನಡುವಿನ ಪೊರೆ ದಾಟಿ ಸಲ್ಫರ್ ಡೈಆಕ್ಸೈಡ್ ಹೈಡ್ರೋಜನ್ ಕಡೆಗೆ ನುಸುಳುತ್ತದೆ. ಅಲ್ಲಿ ಮತ್ತೆ ಗಂಧಕವಾಗಿ ಪೊರೆಗೂ ಎಲೆಕ್ಟ್ರೋಡ್‌ಗೂ ನಡುವೆ ಪದರ ಪದರವಾಗಿ ಕೂರುತ್ತದೆ. ಪದರ ದಪ್ಪವಾದಷ್ಟೂ ವೋಲ್ಟ್ ಏರುತ್ತದೆ. ಅಮೆರಿಕದ ಸವಾನ್ನಾ ರಿವರ್ ಪ್ರಯೋಗಾಲಯದವರು ತುಂಬಾ ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಆಸಿಡ್ ಮಾರುವುದೇ ಬೇಡ ಎಂಬ ದಾರಿಯೂ ಇದೆ. 1970ರ ದಶಕದಲ್ಲೇ ವೆಸ್ಟಿಂಗ್‌ಹೌಸ್ ಕಂಪನಿ ಅದನ್ನು ಯೋಚಿಸಿತ್ತು. ಆಸಿಡ್ಡನ್ನು 800 ಡಿಗ್ರಿ ದಾಟಿಸಿ ಕಾಯಿಸಿದರೆ ಸಲ್ಫರ್ ಡೈಆಕ್ಸೈಡ್ ವಾಪಸ್ ಸಿಗುತ್ತದೆ, ಅದನ್ನೇ ಮತ್ತೆ ಸೆಲ್‌ಗೆ ಕೊಡಬಹುದು. ಅಷ್ಟು ಬಿಸಿಗೆ ಮಾಮೂಲಿಯದಲ್ಲ, ತುಂಬಾ ಬಿಸಿಯಲ್ಲಿ ನಡೆಯುವ ವಿಶೇಷ ಅಣುಸ್ಥಾವರ ಬೇಕು, ಇಲ್ಲವೇ ಕನ್ನಡಿಗಳಿಟ್ಟು ಬಿಸಿಲನ್ನು ಒಂದೇ ಕಡೆ ಬೀಳಿಸಬೇಕು. ಚಳ್ಳಕೆರೆಯಲ್ಲಿ ಬಿಸಿಲಿಗೇನೂ ಬರವಿಲ್ಲ, ಆದರೆ ಮಾಮೂಲಿ ಸೋಲಾರ್ ಪ್ಯಾನೆಲ್‌ನಿಂದ ಈ ಕೆಲಸ ಆಗದು.

ಹಾಗಾಗಿ ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಇಟ್ಟುಕೊಂಡವರಿಗೆ ನಾನು ಹೇಳುವುದು ನೀರನ್ನಷ್ಟೇ ಒಡೆಯುವ ಮಾಮೂಲಿ ಎಲೆಕ್ಟ್ರೋಲೈಸರ್ರೇ. ಈಗಾಗಲೇ ಗಂಧಕ ಸುಟ್ಟು ಆಸಿಡ್ ಮಾಡಿ ಬಳಸುವ ಗೊಬ್ಬರದ ಕಾರ್ಖಾನೆಯಂಥವರು ಮಾತ್ರ ಇದರ ಬಗ್ಗೆ ಗಂಭೀರವಾಗಿ ಯೋಚಿಸಬಹುದು. ಉಳಿದವರು ಸೆಲ್‌ನ ಕೊಟೇಶನ್ ತರಿಸುವ ಮೊದಲು ಆಸಿಡ್ ಕೊಳ್ಳುವವರ ಪತ್ರ ತರಿಸಿಕೊಳ್ಳಿ.