ಒಂದು ಮಗುವಿಗೆ 2,200, ಇನ್ನೊಂದಕ್ಕೆ 500 ಯಾಕೆ?

ಫೆಬ್ರವರಿ ಬಂತು ಅಂದರೆ ಈ ಪ್ರಶ್ನೆ ನನ್ನ ಟೇಬಲ್ ಮುಂದೆ ದಿನಕ್ಕೆ ಎರಡು ಸಲವಾದರೂ ಬರುತ್ತದೆ. "ಮೇಡಂ, ಇಬ್ಬರೂ ನನ್ನ ಮಕ್ಕಳೇ ಅಲ್ವಾ? ಚಿಕ್ಕವಳಿಗೆ 2,200 ಡಾಲರ್, ದೊಡ್ಡವನಿಗೆ ಬರೀ 500. ಏನೋ ತಪ್ಪಾಗಿದೆ ನೋಡಿ."

ತಪ್ಪಾಗಿಲ್ಲ. ಅಮೆರಿಕದಲ್ಲಿ ಮಕ್ಕಳಿರುವವರ ತೆರಿಗೆಯಿಂದ ಕಳೆಯುವ ಮೊತ್ತದ ಮಾತು ಇದು. ನ್ಯೂಜೆರ್ಸಿಯಲ್ಲಿ ನಮ್ಮ ಕಡೆಯವರ ಟ್ಯಾಕ್ಸ್ ರಿಟರ್ನ್ ಮಾಡುತ್ತಾ ಹದಿಮೂರು ವರ್ಷ ಆಯಿತು. ಕೇಳುವವರು ಬದಲಾಗುತ್ತಾರೆ, ಮನೆಯ ಕಥೆ ಹೆಚ್ಚುಕಮ್ಮಿ ಒಂದೇ. ದೊಡ್ಡದು ಹುಟ್ಟಿದ್ದು ದಾವಣಗೆರೆಯಲ್ಲೋ ಹಾಸನದಲ್ಲೋ. ಅಪ್ಪನ ಎಚ್‌-1ಬಿ ಕೆಲಸದ ವೀಸಾ ಜೊತೆ ಎಚ್‌-4 ಅವಲಂಬಿತರ ವೀಸಾದಲ್ಲಿ ಬಂದಿದೆ. ಚಿಕ್ಕದು ಹುಟ್ಟಿದ್ದು ಇಲ್ಲೇ. ಇಬ್ಬರೂ ಒಂದೇ ಸ್ಕೂಲ್ ಬಸ್ ಹತ್ತುತ್ತಾರೆ. ಅಪ್ಪ ಎಲ್ಲರಂತೆ ಪೂರ್ತಿ ತೆರಿಗೆ ಕಟ್ಟುತ್ತಾರೆ. ಆದರೂ ಲೆಕ್ಕದಲ್ಲಿ ಮಕ್ಕಳು ಬೇರೆ ಬೇರೆ ಸಾಲಿಗೆ ಹೋಗುತ್ತಾರೆ.

ಈ ಕಡಿತದ ಹೆಸರು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್. ಅದು ನೋಡುವುದು ಮಗುವಿನ ನಂಬರನ್ನು. ನೀವು ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಎಷ್ಟು ತೆರಿಗೆ ಕಟ್ಟಿದ್ದೀರಿ ಅನ್ನುವುದರಿಂದ ಇದು ಬದಲಾಗುವುದಿಲ್ಲ. ಮಗುವಿಗೆ ಕೆಲಸಕ್ಕೆ ಸಲ್ಲುವ ಸೋಶಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಇದ್ದರೆ 2025ರ ಲೆಕ್ಕಕ್ಕೆ 2,200 ಡಾಲರ್ ತನಕ. ಇರುವುದು ಐಟಿಐಎನ್, ಅಂದರೆ ಎಸ್‌ಎಸ್‌ಎನ್ ಸಿಗದವರಿಗೆ ತೆರಿಗೆ ಲೆಕ್ಕಕ್ಕೆಂದೇ ಕೊಡುವ ನಂಬರ್ ಆದರೆ 500. ಆ 500ರ ಹೆಸರೇ ಬೇರೆ, ಇತರ ಅವಲಂಬಿತರ ಕ್ರೆಡಿಟ್ ಅಂತ. ಅದೂ ನೇರವಾಗಿ ತೆರಿಗೆಯಿಂದಲೇ ಕಳೆಯುತ್ತದೆ. ಆದರೆ ಕಟ್ಟುವ ತೆರಿಗೆಗಿಂತ ಜಾಸ್ತಿಯಾದರೆ ಉಳಿದದ್ದು ಕೈಗೆ ಬರುವುದಿಲ್ಲ.

ಗೊಂದಲಕ್ಕೆ ಒಂದು ಕಾರಣ ಇದೆ. 2017ರ ಲೆಕ್ಕದ ತನಕ ಐಟಿಐಎನ್ ಇದ್ದ ಮಗುವಿಗೂ ಇದೇ ಕ್ರೆಡಿಟ್ ಸಿಗುತ್ತಿತ್ತು, ಆಗ ಅದು 1,000 ಡಾಲರ್. 2018ರಿಂದ ಮೊತ್ತವನ್ನು 2,000ಕ್ಕೆ ಏರಿಸಿದರು, ಜೊತೆಗೆ ಮಗುವಿಗೆ ಎಸ್‌ಎಸ್‌ಎನ್ ಇರಲೇಬೇಕು ಅಂದರು. ಹಳಬರು "ನಮಗೆ ಸಿಕ್ಕಿತ್ತಲ್ಲ" ಅನ್ನುತ್ತಾರೆ. ಅವರು ಹೇಳುವುದು ನಿಜವೇ. ಆದರೆ ಅದು ಹಳೆಯ ಕಾನೂನು.

ನನಗೆ ಸಿಟ್ಟು ಬರುವುದು ಮುಂದಿನ ಹೆಜ್ಜೆಗೆ. ಗೆಳೆಯರೊಬ್ಬರ ಸಲಹೆ ಕೇಳಿ ಸಾಫ್ಟ್‌ವೇರ್‌ನಲ್ಲಿ ಐಟಿಐಎನ್ ಅನ್ನೇ ಎಸ್‌ಎಸ್‌ಎನ್ ಅಂತ ಗುರುತು ಹಾಕಿ ಕಳಿಸಿಬಿಡುತ್ತಾರೆ. ದಯವಿಟ್ಟು ಬೇಡ. ಐಟಿಐಎನ್ 9ರಿಂದ ಶುರುವಾಗುತ್ತದೆ, ಎಸ್‌ಎಸ್‌ಎನ್ ಯಾವತ್ತೂ 9ರಿಂದ ಶುರುವಾಗುವುದಿಲ್ಲ. ಮೊದಲ ಅಂಕಿಯಲ್ಲೇ ಗೊತ್ತಾಗುತ್ತದೆ. ಆಮೇಲೆ ಐಆರ್‌ಎಸ್‌ನಿಂದ, ಅಂದರೆ ಇಲ್ಲಿನ ತೆರಿಗೆ ಇಲಾಖೆಯಿಂದ, ಪತ್ರ ಬರುತ್ತದೆ. ನಿಯಮವನ್ನು ಬೇಕೆಂದೇ ಕಡೆಗಣಿಸಿದ್ದಾರೆ ಅಂತ ತೀರ್ಮಾನವಾದರೆ 2 ವರ್ಷ ಈ ಕ್ರೆಡಿಟ್ಟೇ ಇಲ್ಲ. ಮೋಸ ಅಂತಾದರೆ 10 ವರ್ಷ. ಚಿಕ್ಕ ಮಗುವಿಗೆ ಸಿಗಬೇಕಾದದ್ದೂ ಅದರ ಜೊತೆ ಹೋಗುತ್ತದೆ.

ಹೋದ ವರ್ಷ ಒಂದು ಶನಿವಾರ ಒಂದು ಕುಟುಂಬ ಬಂದಿತ್ತು. ಒಂಬತ್ತು ವರ್ಷದ ಹುಡುಗ ಅಮ್ಮನ ಕುರ್ಚಿಯ ಕೈ ಮೇಲೆ ಕೂತು ನನ್ನ ಸ್ಕ್ರೀನ್ ಓದುತ್ತಿದ್ದ. ತಂಗಿಯ ಹೆಸರಿನ ಮುಂದೆ ಒಂದು ಪೆಟ್ಟಿಗೆಯಲ್ಲಿ ಟಿಕ್, ತನ್ನ ಹೆಸರಿನ ಮುಂದೆ ಪಕ್ಕದ ಪೆಟ್ಟಿಗೆಯಲ್ಲಿ. "ನಂದು ಯಾಕೆ ಬೇರೆ ಕಡೆ ಇದೆ ಆಂಟಿ?" ಅಂದ. ಅವನಮ್ಮ ಅವನ ಬೆನ್ನ ಮೇಲೆ ಕೈ ಇಟ್ಟರು. "ನಿನ್ನ ನಂಬರ್ ಬೇರೆ ಥರದ್ದು ಪುಟ್ಟ" ಅಂದೆ. ಅದಕ್ಕಿಂತ ಒಳ್ಳೆಯ ಉತ್ತರ ಇವತ್ತಿಗೂ ನನಗೆ ಹೊಳೆದಿಲ್ಲ. ಈ ಕಾನೂನು ನ್ಯಾಯ ಅಂತ ನಾನು ಹೇಳುವುದಿಲ್ಲ. ಆದರೆ ಫಾರ್ಮ್ ತುಂಬುವಾಗ ಇರುವ ಕಾನೂನನ್ನೇ ಪಾಲಿಸಬೇಕು.

ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. "500 ತಾನೇ, ಬಿಡಿ" ಅಂತ ಮಗುವಿಗೆ ಐಟಿಐಎನ್ನೇ ಮಾಡಿಸುವುದಿಲ್ಲ. ಪಾಸ್‌ಪೋರ್ಟ್ ಪೋಸ್ಟ್‌ನಲ್ಲಿ ಕಳಿಸಲು ಹೆದರಿಕೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಐಆರ್‌ಎಸ್ ಮಾನ್ಯತೆ ಪಡೆದ ಏಜೆಂಟರ ಹತ್ತಿರ ಹೋದರೆ ಅವರು ಮಗುವಿನ ಪಾಸ್‌ಪೋರ್ಟನ್ನು ಎದುರಿಗೇ ನೋಡಿ ದೃಢೀಕರಿಸಿ ಕೊಡುತ್ತಾರೆ, ಮೂಲ ಪ್ರತಿ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಐಟಿಐಎನ್ ಕೇಳುವ ಡಬ್ಲ್ಯು-7 ಅರ್ಜಿಯನ್ನು ರಿಟರ್ನ್ ಜೊತೆಗೇ, ಗಡುವಿನ ಒಳಗೆ ಕಳಿಸಬೇಕು. ನಾಲ್ಕು ವರ್ಷ ಸುಮ್ನೆ ಕೂತರೆ 2,000 ಡಾಲರ್ ಹೋಯಿತು.

ಗಡುವು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಸ್‌ಎಸ್‌ಎನ್ ಇದ್ದರೆ ಸಾಲದು, ಆ ವರ್ಷದ ರಿಟರ್ನ್ ಗಡುವಿನ ಒಳಗೆ ಸರ್ಕಾರ ಅದನ್ನು ಕೊಟ್ಟಿರಬೇಕು. ಗ್ರೀನ್ ಕಾರ್ಡ್ ಬಂದು ಮಗುವಿಗೆ ಹೊಸ ನಂಬರ್ ಸಿಕ್ಕ ಖುಷಿಯಲ್ಲಿ ಬಂದು "ಹಿಂದಿನ ಮೂರು ವರ್ಷದ್ದೂ ತಿದ್ದಿ ಕಳಿಸೋಣ" ಅನ್ನುವವರಿಗೆ ಇಲ್ಲ ಅನ್ನುವುದು ನನಗೂ ಕಷ್ಟ. ಆದರೆ ಆ ವರ್ಷಗಳ ಗಡುವು ದಾಟುವ ಹೊತ್ತಿಗೆ ನಂಬರ್ ಇರಲಿಲ್ಲ. ಹಾಗಾಗಿ ಆಗುವುದಿಲ್ಲ.

ಮಾರ್ಚ್‌ನಲ್ಲಿ ಗ್ರೀನ್ ಕಾರ್ಡ್ ಬಂದಿದೆ, ಏಪ್ರಿಲ್ 15ಕ್ಕೆ ಮಗುವಿನ ನಂಬರ್ ಇನ್ನೂ ಬಂದಿಲ್ಲ ಅಂತಿಟ್ಟುಕೊಳ್ಳಿ. ಅವಸರದಲ್ಲಿ ಐಟಿಐಎನ್ ಹಾಕಿ ಕಳಿಸಬೇಡಿ. 4868 ಫಾರ್ಮ್ ಹಾಕಿ ಅಕ್ಟೋಬರ್ 15ರ ತನಕ ಸಮಯ ತಗೊಳ್ಳಿ, ಅದರೊಳಗೆ ನಂಬರ್ ಬಂದರೆ ಕ್ರೆಡಿಟ್ ಸಿಗುತ್ತದೆ. ಹಣ ಕಟ್ಟುವುದಿದ್ದರೆ ಮಾತ್ರ ಏಪ್ರಿಲ್‌ನಲ್ಲೇ ಕಟ್ಟಿ. ವಿಸ್ತರಣೆ ಸಿಗುವುದು ರಿಟರ್ನ್ ಕಳಿಸುವುದಕ್ಕೆ, ದುಡ್ಡಿಗಲ್ಲ.

ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರು ಕೈಬಿಡುವ ಒಂದು ಸಂಗತಿ ಇದೆ. 2020ರ ಅಕ್ಟೋಬರ್‌ನಲ್ಲಿ ಕೆಲಸದ ಆಧಾರದ ಗ್ರೀನ್ ಕಾರ್ಡ್‌ನ ಇಬಿ-3 ಸಾಲಿನಲ್ಲಿ ಭಾರತದವರು ಅರ್ಜಿ ಹಾಕಬಹುದಾದ ಸರದಿ ದಿನಾಂಕ ಒಮ್ಮೆಲೇ 2015ರ ಜನವರಿಗೆ ಬಂದಾಗ ನಮ್ಮವರು ಬಹಳ ಜನ ಗ್ರೀನ್ ಕಾರ್ಡ್‌ನ ಅಂತಿಮ ಅರ್ಜಿ ಐ-485 ಹಾಕಿದರು. ಅಪ್ಪ ಅಮ್ಮ ಕೆಲಸದ ಪರವಾನಗಿ, ಅಂದರೆ ಇಎಡಿ, ತಗೊಂಡರು. "ಏಳು ವರ್ಷದ ಮಗು ಯಾವ ಕೆಲಸಕ್ಕೆ ಹೋಗುತ್ತೆ" ಅಂತ ಎಷ್ಟೋ ಮಂದಿ ಮಗುವಿಗೆ ಅದನ್ನು ಬಿಟ್ಟರು. ಮಗುವಿನ ಐ-485 ಬಾಕಿ ಇದ್ದರೆ ಅದಕ್ಕೂ ಇಎಡಿ ಕೇಳಬಹುದು. ಇಎಡಿ ಬಂದರೆ ಎಸ್‌ಎಸ್‌ಎನ್ ಸಿಗುತ್ತದೆ. ಆ ಎಸ್‌ಎಸ್‌ಎನ್ ಕಾರ್ಡ್ ಮೇಲೆ ಸರ್ಕಾರದ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆ ಅಂತ ಒಂದು ಸಾಲು ಇರುತ್ತದೆ. ಆ ಅನುಮತಿ ಚಾಲ್ತಿಯಲ್ಲಿ ಇರುವಷ್ಟು ದಿನ ಈ ಕ್ರೆಡಿಟ್‌ಗೆ ಅದು ಸಾಕು. ಅರ್ಜಿಗೆ ಶುಲ್ಕ ಇದೆ, ವೀಸಾ ಸ್ಥಿತಿ ಎಲ್ಲರದ್ದೂ ಒಂದೇ ಥರ ಇರುವುದಿಲ್ಲ. ಮೊದಲು ನಿಮ್ಮ ವಕೀಲರನ್ನು ಕೇಳಿ. ನಾನು ಹೇಳಬಲ್ಲದ್ದು ತೆರಿಗೆಯ ಭಾಗ ಮಾತ್ರ.

ಉಳಿದ ಎರಡು ಮೂರು ಪ್ರಶ್ನೆಗಳಿಗೆ ಚುಟುಕಾಗಿ. ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಇಲ್ಲಿ ಹುಟ್ಟಿದ ಮಗುವಿಗೂ 500 ಮಾತ್ರ. ದಂಪತಿಯ ಆದಾಯ 4 ಲಕ್ಷ ಡಾಲರ್ ದಾಟಿದರೆ ಕ್ರೆಡಿಟ್ ಕರಗುತ್ತಾ ಹೋಗುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಎಷ್ಟೇ ದುಡ್ಡು ಕಳಿಸಿದರೂ ಅವರನ್ನು ಇಲ್ಲಿನ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಡೇಕೇರ್ ಖರ್ಚಿನ ಕ್ರೆಡಿಟ್ ಇನ್ನೊಂದು, 13 ತುಂಬದ ಮಕ್ಕಳಿಗೆ. ಅದಕ್ಕೆ ಐಟಿಐಎನ್ ಇದ್ದರೂ ನಡೆಯುತ್ತದೆ. ಇದನ್ನು ಕೇಳದೆ ಬಿಟ್ಟವರನ್ನೂ ನೋಡಿದ್ದೇನೆ.

ಆ ಹುಡುಗನ ಅಪ್ಪ ಅಮ್ಮನ ಐ-485 ಅರ್ಜಿಯೂ ಬಾಕಿ ಇತ್ತು. ಅವನದ್ದೂ ಅದರ ಜೊತೆಗೇ ಹೋಗಿತ್ತು, ಇಎಡಿ ಮಾತ್ರ ಯಾರೂ ಕೇಳಿರಲಿಲ್ಲ. ವಕೀಲರನ್ನು ಕೇಳಿ ಅರ್ಜಿ ಹಾಕಿದರು, ನಾವು ವಿಸ್ತರಣೆ ತಗೊಂಡೆವು. ಸೆಪ್ಟೆಂಬರ್‌ನಲ್ಲಿ ಅವನೇ ಕವರ್ ಹಿಡಿದುಕೊಂಡು ಬಂದ. ನನ್ನ ಟೇಬಲ್ ಮೇಲೆ ಕಾರ್ಡ್ ಇಟ್ಟು, ಮೊದಲ ಅಂಕಿಯ ಮೇಲೆ ಬೆರಳಿಟ್ಟು, "9 ಅಲ್ಲ ಆಂಟಿ" ಅಂದ.